ಕಾಣಲಿಲ್ಲ ಎಂದು ಬರೆದಿಡುವವರು

ನಡುಹಗಲು ಹನ್ನೆರಡೂವರೆ. ಧಾರೆ, ಸಪ್ತಪದಿ ಮುಗಿದಿವೆ. ಊಟದ ಹಾಲಿನಲ್ಲಿ ಎಲೆ ಹಾಸುವ ಗಡಿಬಿಡಿ. ಪುರೋಹಿತರು ವಧೂವರರನ್ನು ಕಲ್ಯಾಣ ಮಂಟಪದ ಹೊರಬಾಗಿಲಿಗೆ ಕರೆತಂದು ಬಡಗಣ ದಿಕ್ಕಿಗೆ ಕೈ ತೋರಿಸುತ್ತಾರೆ. "ಅಲ್ಲಿ ಧ್ರುವ, ಅದೋ ಅಲ್ಲಿ ಅರುಂಧತಿ. ಕಾಣಿಸಿತೇನಪ್ಪಾ?" ಕಣ್ಣು ಕುಕ್ಕುವ ಬಿಸಿಲು. ವರ ನಗು ತಡೆದುಕೊಂಡು "ಕಾಣಿಸಿತು" ಎನ್ನುತ್ತಾನೆ. ವಧುವೂ ತಲೆಯಾಡಿಸುತ್ತಾಳೆ. ಫೋಟೋದವನಿಗೆ ಮಾತ್ರ ಸಮಾಧಾನವಿಲ್ಲ, ಇನ್ನೊಮ್ಮೆ ಕೈ ಎತ್ತಿ ತೋರಿಸಿ ಎಂದು ಪುರೋಹಿತರನ್ನು ಕಾಡುತ್ತಾನೆ.

ಇದನ್ನು ಸುಳ್ಳು ಎಂದುಬಿಡುವುದು ಒರಟುತನವಾದೀತು. ಆ "ಕಾಣಿಸಿತು" ವರದಿಯಲ್ಲ, ಒಪ್ಪಿಗೆ. ಧ್ರುವನ ಹಾಗೆ ಅಲುಗದೆ ನಿಲ್ಲುತ್ತೇವೆ ಎಂಬ ಮಾತಿಗೆ ಹಾಕಿದ ರುಜು. ಕತ್ತಲಾದ ಮೇಲೆ ನಡೆಯಬೇಕಾದ ದರ್ಶನ ಇದು. ಮುಹೂರ್ತ ಹಗಲಿಗೆ ಸರಿದರೂ ಪ್ರಶ್ನೆ ಹಾಗೇ ಉಳಿದುಕೊಂಡಿತು, ಅಷ್ಟೆ.

ಇದೇ ಪ್ರಶ್ನೆಯನ್ನು ರಾತ್ರಿ ಹೊತ್ತಿನಲ್ಲಿ ತಮಗೆ ತಾವೇ ಕೇಳಿಕೊಳ್ಳುವ ಜನ ಬೇರೆ ಇದ್ದಾರೆ. ಹಗಲಿಗೆ ಅವರು ಗುಮಾಸ್ತರೋ ರೈತರೋ ಮೇಷ್ಟರೋ ಆಗಿರುತ್ತಾರೆ. ರಾತ್ರಿ ಅಂಗಳದಲ್ಲೋ ತಾರಸಿಯಲ್ಲೋ ದೂರದರ್ಶಕ ಇಟ್ಟುಕೊಂಡು, ಕಾಂತಿ ಏರಿಳಿಯುವ ನಕ್ಷತ್ರಗಳನ್ನು ಅಳೆಯುತ್ತಾರೆ. ಚಂಚಲ ನಕ್ಷತ್ರ, ಇಂಗ್ಲಿಷಿನಲ್ಲಿ ವೇರಿಯಬಲ್ ಸ್ಟಾರ್. ಅವರ ಉತ್ತರ ಸಾಮಾನ್ಯವಾಗಿ ಒಂದು ಅಂಕೆ. ಕೆಲವೊಮ್ಮೆ ಆ ಅಂಕೆಯ ಹಿಂದೆ ಒಂದು ಪುಟ್ಟ ಗುರುತು ಬೀಳುತ್ತದೆ: "ಇದಕ್ಕಿಂತ ಮಸುಕು". ನೋಡಿದೆ, ಕಾಣಲಿಲ್ಲ ಎಂದು ಅದರ ಅರ್ಥ. ಹೀಗೆ ಬರೆದದ್ದನ್ನು ಯಾರೂ ಕಸದ ಬುಟ್ಟಿಗೆ ಹಾಕುವುದಿಲ್ಲ. ಕಂಡದ್ದನ್ನು ಬರೆದ ಸಾಲಿನ ಪಕ್ಕದಲ್ಲಿಯೇ ಅದೂ ದಾಖಲಾಗುತ್ತದೆ. ಕಾಣಲಿಲ್ಲ ಎಂಬುದು ಅರಿವೋ, ಅರಿವಿನ ಕೊರತೆಯೋ? ನಮ್ಮ ದರ್ಶನಕಾರರು ಶತಮಾನಗಟ್ಟಲೆ ಜಗಳವಾಡಿದ ಪ್ರಶ್ನೆ ಇದು.

ಜಗಳಕ್ಕೆ ಹೋಗುವ ಮೊದಲು ಕೆಲಸವನ್ನು ನೋಡಬೇಕು. ಅಳೆಯುವುದು ಎಂದರೂ ಇಲ್ಲಿ ಅಳತೆಗೋಲು ಕಣ್ಣೇ. ಚಂಚಲ ನಕ್ಷತ್ರದ ಅಕ್ಕಪಕ್ಕದಲ್ಲಿ ಕಾಂತಿ ಬದಲಾಗದ, ಅಳತೆ ಗೊತ್ತಿರುವ ನಕ್ಷತ್ರಗಳನ್ನು ಹುಡುಕಿಕೊಳ್ಳುತ್ತಾರೆ. ಒಂದು ಇದಕ್ಕಿಂತ ಚೂರು ಹೆಚ್ಚು ಬೆಳಗಬೇಕು, ಇನ್ನೊಂದು ಚೂರು ಕಡಿಮೆ. ಅವೆರಡರ ನಡುವೆ ಇದು ಎಲ್ಲಿ ನಿಲ್ಲುತ್ತದೆ ಎಂದು ಅಂದಾಜು ಮಾಡುತ್ತಾರೆ. ಪಳಗಿದ ಕಣ್ಣು ಕಾಂತಿಮಾನದ ಹತ್ತನೇ ಒಂದು ಭಾಗದವರೆಗೂ ಹೇಳಬಲ್ಲದು. ಇವರ ನಕ್ಷೆಗಳಲ್ಲಿ 9.8 ಎಂದು ಬರೆಯುವುದಿಲ್ಲ, 98 ಎಂದು ಬರೆಯುತ್ತಾರೆ. ದಶಾಂಶದ ಚುಕ್ಕಿಯನ್ನೇ ಯಾರಾದರೂ ನಕ್ಷತ್ರವೆಂದುಕೊಂಡಾರು ಎಂಬ ಭಯ! ಕಾಂತಿಮಾನದ ಲೆಕ್ಕವನ್ನು ಗಟ್ಟಿ ಮಾಡಿದವನು ನಾರ್ಮನ್ ಪಾಗ್ಸನ್. ಒಂದನೆಯ ದರ್ಜೆಯ ನಕ್ಷತ್ರ ಆರನೆಯದಕ್ಕಿಂತ ಸರಿಯಾಗಿ ನೂರು ಪಟ್ಟು ಪ್ರಕಾಶಮಾನ, ಆದ್ದರಿಂದ ಒಂದೊಂದು ಮೆಟ್ಟಿಲಿಗೆ ಸುಮಾರು 2.512 ಪಟ್ಟು ಎಂದು 1856ರಲ್ಲಿ ಸೂಚಿಸಿದ. ಅಂಕೆ ದೊಡ್ಡದಾದಷ್ಟೂ ನಕ್ಷತ್ರ ಮಸುಕು. 1861ರಲ್ಲಿ ಮದರಾಸಿನ ವೀಕ್ಷಣಾಲಯಕ್ಕೆ ಬಂದ ಪಾಗ್ಸನ್, ಸಾಯುವವರೆಗೂ ಅಲ್ಲಿಯೇ ಇದ್ದ.

ಮಸುಕಾದ ನಕ್ಷತ್ರವನ್ನು ನೇರವಾಗಿ ಹುಡುಕಲು ಹೋದರೆ ಸಿಕ್ಕುವುದಿಲ್ಲ. ಮೊದಲು ಬರಿಗಣ್ಣಿಗೆ ಕಾಣುವ ದೊಡ್ಡ ನಕ್ಷತ್ರ, ಅಲ್ಲಿಂದ ಅದರ ಪಕ್ಕದ ಚಿಕ್ಕದು, ಅಲ್ಲಿಂದ ಇನ್ನೂ ಚಿಕ್ಕದು, ಹೀಗೆ ಹೆಜ್ಜೆ ಹೆಜ್ಜೆಗೆ ಇಳಿಯಬೇಕು. ವೇದಾಂತ ಓದಿದವರಿಗೆ ಇದು ಹಳೆಯ ಪರಿಚಯ. ಸ್ಥೂಲಾರುಂಧತೀ ನ್ಯಾಯ ಎಂದರೆ ಇದೇ. ಅರುಂಧತಿಯನ್ನು ತೋರಿಸಬೇಕಾದವನು ಮೊದಲು ಹತ್ತಿರದ ದೊಡ್ಡ ನಕ್ಷತ್ರವನ್ನೇ ಅರುಂಧತಿ ಎನ್ನುತ್ತಾನೆ, ಕಣ್ಣು ಅಲ್ಲಿ ನಿಂತ ಮೇಲೆ ಅದನ್ನು ಬಿಡಿಸಿ ನಿಜವಾದ ಅರುಂಧತಿಗೆ ಕರೆದೊಯ್ಯುತ್ತಾನೆ. ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಈ ಉಪಮೆಯನ್ನು ಬಳಸಿಕೊಂಡದ್ದು ಆತ್ಮವಿಚಾರಕ್ಕೆ. ಆದರೆ ಉಪಮೆ ಹುಟ್ಟಿದ್ದು ಯಾವುದೋ ಅಂಗಳದಲ್ಲಿ, ಯಾರೋ ಯಾರಿಗೋ ನಕ್ಷತ್ರ ತೋರಿಸುವಾಗಲೇ ಇರಬೇಕು.

ಈಗ ಜಗಳಕ್ಕೆ ಬರಬಹುದು. ನೆಲದ ಮೇಲೆ ಗಡಿಗೆ ಇಲ್ಲ. ಇದು ನಮಗೆ ಹೇಗೆ ಗೊತ್ತಾಯಿತು? ಕಣ್ಣಿಗೆ ಕಂಡದ್ದು ನೆಲ ಮಾತ್ರ. "ಇಲ್ಲ" ಎಂಬುದು ಕಣ್ಣಿಗೆ ಬೀಳುವ ವಸ್ತುವಲ್ಲ. ನೈಯಾಯಿಕರು ಅದೂ ಒಂದು ಬಗೆಯ ಪ್ರತ್ಯಕ್ಷವೇ ಎಂದರು. ಪ್ರಭಾಕರನ ಕಡೆಯವರು ಅಭಾವ ಎಂಬ ಬೇರೆ ಪದಾರ್ಥವೇ ಇಲ್ಲ, ಬರೀ ನೆಲ ಕಂಡದ್ದನ್ನೇ ಹಾಗೆ ಹೇಳುತ್ತೇವೆ ಎಂದರು. ಕುಮಾರಿಲ ಭಟ್ಟನ ಮೀಮಾಂಸಕರೂ ಅವರ ಹಿಂದೆ ಅದ್ವೈತಿಗಳೂ ಇದಕ್ಕೊಂದು ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದರು. ಅದರ ಹೆಸರು ಅನುಪಲಬ್ಧಿ, ಕಾಣದಿರುವಿಕೆ. ಕಾಣದಿರುವುದೂ ಅರಿವಿನ ಒಂದು ದಾರಿ.

ಆದರೆ ಅವರು ಒಂದು ಬಿಗಿಯಾದ ಷರತ್ತು ಹಾಕಿದರು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ ಎಂದಾಗುವುದಿಲ್ಲ. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದಕ್ಕೆ ಬೆಲೆ. ಇದು ಯೋಗ್ಯಾನುಪಲಬ್ಧಿ. ನಕ್ಷತ್ರ ಅಳೆಯುವವರ "ಇದಕ್ಕಿಂತ ಮಸುಕು" ಎಂಬ ಗುರುತು ನಿಂತಿರುವುದು ಸರಿಯಾಗಿ ಈ ಷರತ್ತಿನ ಮೇಲೆ. ಬರಿದೇ "ಕಾಣಲಿಲ್ಲ" ಎಂದರೆ ಅದು ದಾಖಲೆಯಾಗದು. ಅದೇ ಹೊತ್ತಿನಲ್ಲಿ, ಅದೇ ದೂರದರ್ಶಕದಲ್ಲಿ, ಅಲ್ಲೇ ಪಕ್ಕದಲ್ಲಿ ಕಾಣಿಸಿದ ಅತ್ಯಂತ ಮಸುಕಾದ ನಕ್ಷತ್ರ ಯಾವುದು, ಅದನ್ನು ಬರೆಯಬೇಕು. 13.2ರ ನಕ್ಷತ್ರ ಕಂಡಿತು, ಹುಡುಕಿದ್ದು ಕಾಣಲಿಲ್ಲ. ಆದ್ದರಿಂದ ಅದು 13.2ಕ್ಕಿಂತ ಮಸುಕು. ಗಡಿಗೆಯ ತರ್ಕಕ್ಕಿಂತ ಇದು ಒಂದು ಹೆಜ್ಜೆ ವಿನಯದ್ದು ಎನ್ನಬೇಕು. ಇಲ್ಲಿ ಯಾರೂ "ನಕ್ಷತ್ರ ಇಲ್ಲ" ಎನ್ನುವುದಿಲ್ಲ. ನನ್ನ ಕಣ್ಣು ಇಲ್ಲಿಯವರೆಗೆ ಬಂತು, ಅದು ಅದರಾಚೆ ಇದೆ ಎನ್ನುತ್ತಾರೆ.

ಇದ್ದೂ ಕಾಣದಿರುವುದಕ್ಕೆ ಕಾರಣಗಳೇನು? ಈಶ್ವರಕೃಷ್ಣನ ಸಾಂಖ್ಯಕಾರಿಕೆ ಎಂಟನ್ನು ಹೇಳುತ್ತದೆ. ಸಾಂಖ್ಯರಿಗೆ ಅದು ಬೇಕಾದದ್ದು ಕಣ್ಣಿಗೆ ಕಾಣದ ಪ್ರಕೃತಿ ಇದೆ ಎಂದು ಸಾಧಿಸಲು. ಆದರೆ ಆ ಪಟ್ಟಿಯನ್ನು ತಾರಸಿಯ ಮೇಲೆ ಓದಿದರೆ ಯಾವನೋ ಹವ್ಯಾಸಿ ಖಗೋಳಜ್ಞನೇ ಬರೆದಂತಿದೆ. ವಸ್ತು ತೀರ ದೂರವಿರಬಹುದು, ತೀರ ಹತ್ತಿರವಿರಬಹುದು. ಕಣ್ಣೇ ಕೆಟ್ಟಿರಬಹುದು. ಮನಸ್ಸು ನೆಲೆ ನಿಲ್ಲದಿರಬಹುದು. ರಾತ್ರಿ ಎರಡು ಗಂಟೆಗೆ ತೂಕಡಿಸುವವನಿಗೆ ಇದನ್ನು ವಿವರಿಸಬೇಕಿಲ್ಲ. ವಸ್ತು ಅತಿ ಸೂಕ್ಷ್ಮವಾಗಿರಬಹುದು. ನಡುವೆ ಏನಾದರೂ ಅಡ್ಡ ಬಂದಿರಬಹುದು, ಮೋಡದ ಹಾಗೆ. ತನ್ನಂಥವೇ ಹಲವುಗಳ ನಡುವೆ ಬೆರೆತುಹೋಗಿರಬಹುದು. ಆಕಾಶಗಂಗೆಯ ದಟ್ಟಣೆಯಲ್ಲಿ ಒಂದು ಹನ್ನೆರಡನೆಯ ದರ್ಜೆಯ ಚುಕ್ಕಿಯನ್ನು ಹುಡುಕಿ ತಪ್ಪು ನಕ್ಷತ್ರವನ್ನು ಅಳೆದು ಬಂದವರು ಬಹಳ ಜನ. ಉಳಿದದ್ದು ಅಭಿಭವ, ಅಂದರೆ ಹೆಚ್ಚಿನ ತೇಜಸ್ಸು ಕಡಿಮೆಯದನ್ನು ನುಂಗುವುದು. ಇದಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆ ಏನು ಗೊತ್ತೇ? ಹಗಲಿನಲ್ಲಿ ಸೂರ್ಯನಿಂದಾಗಿ ಕಾಣದ ಗ್ರಹ ನಕ್ಷತ್ರಗಳು. ಮದುವೆ ಮಂಟಪದ ಅರುಂಧತಿ!

ಎಂಟರಲ್ಲಿ ಅತ್ಯಂತ ಮೋಸದ್ದು ಮನಸ್ಸಿನದು. ನಿನ್ನೆ 8.4 ಇತ್ತು ಎಂದು ನೆನಪಿದ್ದವನಿಗೆ ಇವತ್ತೂ 8.4ರ ಹತ್ತಿರವೇ ಕಾಣುತ್ತದೆ. ನಾಳೆಗೆ ಏರಬೇಕು ಎಂದು ಓದಿಕೊಂಡವನಿಗೆ ಏರಿದಂತೆಯೇ ಕಾಣುತ್ತದೆ. ಅದಕ್ಕೇ ಹಳಬರು ಹೊಸಬರಿಗೆ ಮೊದಲು ಹೇಳುವ ಬುದ್ಧಿಮಾತು: ದೂರದರ್ಶಕಕ್ಕೆ ಕಣ್ಣಿಡುವ ಮುನ್ನ ಹಳೆಯ ದಾಖಲೆ ತೆರೆಯಬೇಡಿ. ಕೆಂಪು ನಕ್ಷತ್ರವಾದರೆ ಇನ್ನೊಂದು ತೊಡಕು. ಅದನ್ನು ದಿಟ್ಟಿಸಿ ನೋಡಿದಷ್ಟೂ ಕಣ್ಣಿಗೆ ಅದರ ಬೆಳಕು ಹೆಚ್ಚಿದಂತೆ ತೋರುತ್ತದೆ, ಆದ್ದರಿಂದ ಚಟಕ್ಕನೆ ನೋಡಿ ಕಣ್ಣು ತೆಗೆಯಬೇಕು. ತೀರ ಮಸುಕಾದದ್ದನ್ನು ನೇರವಾಗಿ ನೋಡಬಾರದು, ಓರೆಗಣ್ಣಿನಲ್ಲಿ ನೋಡಬೇಕು; ಕತ್ತಲಿಗೆ ಒಗ್ಗಿದ ಕಣ್ಣಿನ ಅಂಚು ನಡುವಿಗಿಂತ ಹೆಚ್ಚು ಸೂಕ್ಷ್ಮ. ಬಯಸಿದ್ದನ್ನು ದಿಟ್ಟಿಸಿದರೆ ಅದು ಮಾಯವಾಗುತ್ತದೆ ಎನ್ನುವುದು ಇಲ್ಲಿ ಉಪದೇಶವಲ್ಲ, ಕಣ್ಣಿನ ರಚನೆ.

ಕಾಣದಿರುವುದು ಒಂದು, ನೋಡದಿರುವುದು ಇನ್ನೊಂದು. ಇವೆರಡರ ನಡುವಿನ ಅಂತರ ಎಷ್ಟೆಂದು ಅಮೆರಿಕದ ಓಹಾಯೋದ ಡೆಲ್ಫೋಸ್ ಎಂಬ ಊರಿನ ಲೆಸ್ಲಿ ಪೆಲ್ಟಿಯರ್‌ಗೆ ಚೆನ್ನಾಗಿ ಗೊತ್ತಿತ್ತು. ರೈತರ ಮನೆಯ ಹುಡುಗ. 900 ಕ್ವಾರ್ಟ್ ಸ್ಟ್ರಾಬೆರಿ ಹಣ್ಣು ಕಿತ್ತು, ಕೂಡಿಟ್ಟ 18 ಡಾಲರಿನಲ್ಲಿ ಎರಡಿಂಚಿನ ದೂರದರ್ಶಕ ತರಿಸಿಕೊಂಡ. 1918ರಿಂದ 1980ರಲ್ಲಿ ತೀರಿಕೊಳ್ಳುವವರೆಗೆ ಅವನ ವೀಕ್ಷಣೆಗಳು ಒಂದು ಲಕ್ಷ ದಾಟಿದವು. ಉತ್ತರ ಕಿರೀಟ ಪುಂಜದ ಟಿ ನಕ್ಷತ್ರವನ್ನು ಅವನು ಇಪ್ಪತ್ತೈದು ವರ್ಷ ಕಾದಿದ್ದ. ಸಾಮಾನ್ಯವಾಗಿ ಹತ್ತರ ಆಸುಪಾಸಿನಲ್ಲಿ ಮಲಗಿರುವ ಈ ನಕ್ಷತ್ರ 1866ರಲ್ಲಿ ಒಮ್ಮೆ ಸಿಡಿದು ಬರಿಗಣ್ಣಿಗೆ ಎದ್ದು ಕಾಣುವಷ್ಟು ಬೆಳಗಿತ್ತು. ಮತ್ತೆ ಸಿಡಿದೀತೆಂಬ ಆಸೆಯಲ್ಲಿ ರಾತ್ರಿಗಟ್ಟಲೆ, ಬದಲಾಗದ ಅದೇ ಅಂಕೆಯನ್ನು ಬರೆದ. 1946ರ ಫೆಬ್ರವರಿಯ ಒಂದು ಬೆಳಗಿನ ಜಾವ ಎರಡೂವರೆಗೆ ಅಲಾರಾಂ ಹೊಡೆಯಿತು. ಎದ್ದ. ಗಂಟಲು ಕೆರೆಯುತ್ತಿತ್ತು, ನೆಗಡಿ ಬರುವ ಹಾಗಿತ್ತು. ಹೊರಗೆ ಚಳಿ. ಹಾಸಿಗೆಗೆ ಹಿಂದಿರುಗಿದ. ಎಂಬತ್ತು ವರ್ಷಗಳ ಬಳಿಕ ಟಿ ನಕ್ಷತ್ರ ಎದ್ದದ್ದು ಅದೇ ರಾತ್ರಿ. ತನ್ನ ಆತ್ಮಕಥೆಯಲ್ಲಿ ಪೆಲ್ಟಿಯರ್ ಇದನ್ನು ಮುಚ್ಚಿಡದೆ, ಸ್ವಲ್ಪ ನಗುತ್ತಲೇ ಹೇಳಿಕೊಂಡಿದ್ದಾನೆ. ಆ ನಕ್ಷತ್ರಕ್ಕೂ ಅವನಿಗೂ ಆಮೇಲೆ ಹಳೆಯ ಸಲಿಗೆ ಇರಲಿಲ್ಲವಂತೆ.

ಅವನ ದಾಖಲೆ ಪುಸ್ತಕದಲ್ಲಿ ಆ ಹೊತ್ತಿಗೆ "ಕಾಣಲಿಲ್ಲ" ಎಂದೂ ಬರೆಯುವಂತಿಲ್ಲ. ಏನೂ ಇಲ್ಲ. ಕುಮಾರಿಲನ ಪಾಠದಲ್ಲಿ ಇದು ಅನುಪಲಬ್ಧಿಯೂ ಅಲ್ಲ. ಗಡಿಗೆ ಇದೆಯೋ ಇಲ್ಲವೋ ಎಂದು ಯಾರೂ ಕೋಣೆಗೆ ಹೋಗಲಿಲ್ಲ.

ಇಂಥ ಜೀವ ನಮ್ಮ ಕಡೆಯೂ ಒಂದಿತ್ತು. ಅವಿಭಜಿತ ಬಂಗಾಳದ ಜೆಸ್ಸೋರಿನ ರಾಧಾಗೋವಿಂದ ಚಂದ್ರ. ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ, ಸರ್ಕಾರಿ ಖಜಾನೆಯಲ್ಲಿ ನಾಣ್ಯ ಪರೀಕ್ಷಿಸುವ ಕೆಲಸಕ್ಕೆ ಸೇರಿದರು. ಹಗಲೆಲ್ಲ ಬೆರಳಿನಲ್ಲಿ, ಕಣ್ಣಿನಲ್ಲಿ ಸಾಚಾ ಯಾವುದು ಖೋಟಾ ಯಾವುದು ಎಂದು ನೋಡುವವರು ರಾತ್ರಿ ನಕ್ಷತ್ರಗಳ ಬೆಳಕನ್ನು ತೂಗಿದರು. 1910ರ ಹ್ಯಾಲಿ ಧೂಮಕೇತುವನ್ನು ಪುಟ್ಟ ದುರ್ಬೀನಿನಲ್ಲಿ ನೋಡಿ ಹತ್ತಿದ ಹುಚ್ಚು. ಆಮೇಲೆ ಇಂಗ್ಲೆಂಡಿನಿಂದ ಮೂರಿಂಚಿನ ದೂರದರ್ಶಕ ತರಿಸಿಕೊಂಡರು. 1911ರಲ್ಲಿ ಹುಟ್ಟಿದ್ದ ಅಮೆರಿಕದ ಚಂಚಲ ನಕ್ಷತ್ರ ವೀಕ್ಷಕರ ಸಂಘಕ್ಕೆ ಅವರು ಕಳಿಸಿದ ಅಂದಾಜುಗಳು 37 ಸಾವಿರಕ್ಕೂ ಹೆಚ್ಚು. ಈ ಗುಮಾಸ್ತರ ಕಣ್ಣನ್ನು ನಂಬಿ ಸಂಘ 1926ರಲ್ಲಿ ಆರಿಂಚಿನ ದೂರದರ್ಶಕವೊಂದನ್ನು ಸಮುದ್ರದಾಚೆಯಿಂದ ಎರವಲು ಕಳಿಸಿತು. ದೇಶ ವಿಭಜನೆಯಾಯಿತು, ಚಂದ್ರ ಭಾರತಕ್ಕೆ ಬಂದು, 1975ರಲ್ಲಿ ಬಡತನದಲ್ಲೇ ತೀರಿಕೊಂಡರು. ದೂರದರ್ಶಕ ಮಾತ್ರ ಕೈ ಬದಲಾಯಿಸುತ್ತ ಹೋಯಿತು. ಆಗ ನೈನಿತಾಲಿನಲ್ಲಿದ್ದ ವೈನು ಬಾಪು ಅವರಿಗೆ ಸೇರಿತು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ಬಾಪು ಅವರೇ ಇವರು. ಆ ಸಂಸ್ಥೆಯ ಕಾವಲೂರು ವೀಕ್ಷಣಾಲಯದವರೆಗೂ ಆ ದೂರದರ್ಶಕ ಬಂತು.

ಚಂದ್ರರಿಗಿಂತಲೂ ಹಿಂದಿನ ಹೆಸರು ಚಿಂತಾಮಣಿ ರಘುನಾಥಾಚಾರಿ. ಮದರಾಸಿನಲ್ಲಿ ಪಾಗ್ಸನ್ನನ ಕೈಕೆಳಗಿನ ಸಹಾಯಕ. ಹವ್ಯಾಸಿಯಲ್ಲ, ಸಂಬಳದ ನೌಕರ. ಆದರೂ ಇಲ್ಲಿ ಅವರನ್ನು ಬಿಡಲಾಗದು. 1867ರಲ್ಲಿ ದಕ್ಷಿಣ ಆಕಾಶದ ರೆಟಿಕ್ಯುಲಂ ಪುಂಜದ ಆರ್ ಎಂಬ ಚಂಚಲ ನಕ್ಷತ್ರವನ್ನು ಅವರು ಕಂಡುಹಿಡಿದರು. 1874ರ ಶುಕ್ರ ಸಂಕ್ರಮಣದ ಬಗ್ಗೆ ಜನರಿಗೆ ತಿಳಿಯುವಂತೆ ಬರೆದ ಅವರ ಪುಸ್ತಿಕೆ ಕನ್ನಡದಲ್ಲಿಯೂ ಬಂತು. ಅವರ ಇನ್ನೊಂದು ಹಟ ದೃಗ್ಗಣಿತ ಪಂಚಾಂಗ. ಹೆಸರೇ ಹೇಳುವಂತೆ, ಲೆಕ್ಕ ಕಣ್ಣಿಗೆ ಒಪ್ಪಬೇಕು. ಅದಕ್ಕೂ ನಾಲ್ಕು ಶತಮಾನ ಮೊದಲು, 1431ರಲ್ಲಿ, ಕೇರಳದ ಪರಮೇಶ್ವರ ಆ ಹೆಸರಿನ ಪದ್ಧತಿಯನ್ನೇ ರೂಪಿಸಿದ್ದ. ಗ್ರಹಣ ಪಂಚಾಂಗ ಹೇಳಿದ ಗಳಿಗೆಗೆ ಹಿಡಿಯದಿದ್ದರೆ ತಿದ್ದಬೇಕಾದ್ದು ಪಂಚಾಂಗವನ್ನು, ಗ್ರಹಣವನ್ನಲ್ಲ. ಶಾಸ್ತ್ರಕ್ಕೆ ವಿಧೇಯನಾದವನು ಇದಕ್ಕೆ ಹೆದರಬೇಕಿಲ್ಲ ಎಂಬುದು ಆಚಾರಿಯವರ ನಿಲುವು.

ಹೆದರಿದವರೂ ಇದ್ದರು, ಬೇರೆ ನಾಡಿನಲ್ಲಿ. ಚಂದ್ರನಿಂದ ಮೇಲಿನದೆಲ್ಲ ನಿರ್ವಿಕಾರ ಎಂದು ಅರಿಸ್ಟಾಟಲನನ್ನು ನಂಬಿ ಕುಳಿತಿದ್ದ ಯೂರೋಪಿನಲ್ಲಿ, 1596ರ ಆಗಸ್ಟಿನಲ್ಲಿ, ಡೇವಿಡ್ ಫೆಬ್ರಿಷಿಯಸ್ ಎಂಬ ಪಾದ್ರಿ ತಿಮಿಂಗಿಲ ಪುಂಜದಲ್ಲಿ ಒಂದು ನಕ್ಷತ್ರ ಕಂಡ. ಕೆಲವೇ ವಾರಗಳಲ್ಲಿ ಅದು ಮಸುಕಾಗುತ್ತ ಮಾಯವಾಯಿತು. ಅವನೇ 1609ರಲ್ಲಿ ಮತ್ತೆ ಅದನ್ನು ಅಲ್ಲಿಯೇ ಕಂಡ. ಹೋದದ್ದು ಸತ್ತಿರಲಿಲ್ಲ, ಅವನ ಕಣ್ಣಿನ ಮಿತಿಯಾಚೆ ಇತ್ತು. ಸುಮಾರು 332 ದಿನಕ್ಕೊಮ್ಮೆ ಉಬ್ಬಿ ಇಳಿಯುವ ಆ ನಕ್ಷತ್ರಕ್ಕೆ ಆಮೇಲೆ ಮೀರಾ, ಅಂದರೆ ಅಚ್ಚರಿ, ಎಂದು ಹೆಸರಾಯಿತು. ನಮ್ಮ ಮೀರಾಬಾಯಿಗೂ ಇದಕ್ಕೂ ಸಂಬಂಧವಿಲ್ಲ, ಇದು ಲ್ಯಾಟಿನ್. ಪಾದ್ರಿಯ ಕಥೆ ಮಾತ್ರ ಅಚ್ಚರಿಯದಲ್ಲ, ದಾರುಣ. ಹೆಬ್ಬಾತು ಕದ್ದವನು ಯಾರೆಂದು ಗೊತ್ತಿದೆ ಎಂದು ಪೀಠದ ಮೇಲಿಂದ ಆಡಿದ ಮಾತಿಗೆ, 1617ರಲ್ಲಿ ಒಬ್ಬ ರೈತ ಅವನನ್ನು ಕೊಂದುಹಾಕಿದ.

ನಮ್ಮಲ್ಲಿಯೂ ಸ್ಥಿರತೆಯ ಕನಸು ಇಲ್ಲದಿರಲಿಲ್ಲ. ಕ್ಷರಿಸದ್ದು ನಕ್ಷತ್ರ ಎಂಬ ಒಂದು ವ್ಯುತ್ಪತ್ತಿಯೇ ಇದೆ. ಧ್ರುವ ಎಂಬ ಪದದ ಅರ್ಥವೇ ಅಲುಗದ್ದು. ಆದರೆ ಇವತ್ತು ನಾವು ಧ್ರುವ ಎಂದು ಕರೆಯುವ ನಕ್ಷತ್ರವೇ ಚಂಚಲ! ಸುಮಾರು ನಾಲ್ಕು ದಿನಕ್ಕೊಮ್ಮೆ ಅದು ಉಸಿರಾಡಿದಂತೆ ಹಿಗ್ಗಿ ಕುಗ್ಗುತ್ತದೆ, ಅದರ ಬೆಳಕೂ ತುಸು ಏರಿಳಿಯುತ್ತದೆ. ಕಳೆದ ಶತಮಾನದಲ್ಲಿ ಆ ಏರಿಳಿತವೇ ಕಡಿಮೆಯಾಗುತ್ತ ಬಂದು, ನಿಂತೇಹೋಗುತ್ತದೇನೋ ಎನ್ನುವಷ್ಟರಲ್ಲಿ ಮತ್ತೆ ಚೇತರಿಸಿಕೊಂಡಿತು. ಧ್ರುವ ಪಟ್ಟವೂ ಅದಕ್ಕೆ ಕಾಯಂ ಅಲ್ಲ. ಭೂಮಿಯ ಅಕ್ಷ ಬುಗುರಿಯ ಹಾಗೆ ಓಲಾಡುವುದರಿಂದ ಸುಮಾರು 4800 ವರ್ಷ ಹಿಂದೆ ಆ ಪಟ್ಟ ತೂಬಾನ್ ಎಂಬ ನಕ್ಷತ್ರದ್ದಾಗಿತ್ತು. ಹಾಗಾದರೆ ಮದುವೆಯ ಧ್ರುವ ಪೊಳ್ಳೇ? ಜೈನ ದಾರ್ಶನಿಕರು ಹಾಗೆನ್ನುತ್ತಿರಲಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಹುಟ್ಟು, ಅಳಿವು, ಧ್ರೌವ್ಯ ಮೂರೂ ಒಟ್ಟಿಗೆ ಇರುವುದಕ್ಕೇ ಸತ್ ಎಂದು ಹೆಸರು. ಬಂಗಾರದ ಬಳೆ ಕರಗಿಸಿ ಉಂಗುರ ಮಾಡಿದರೆ ಬಳೆ ಹೋಯಿತು, ಉಂಗುರ ಬಂತು, ಬಂಗಾರ ಉಳಿಯಿತು. ವಿಕಾರವೇ ಇಲ್ಲದ ಧ್ರುವವನ್ನು ಅವರು ಕೇಳಲೇ ಇಲ್ಲ. ಮದುವೆಗೆ ಈ ಧ್ರುವವೇ ಹೆಚ್ಚು ಹೊಂದುತ್ತದೆ ಎಂದು ಸಂಸಾರಸ್ಥರು ಯಾರಾದರೂ ಹೇಳಿಯಾರು.

ಈಗ ಯಂತ್ರಗಳು ಇಡೀ ಆಕಾಶವನ್ನು ಕೆಲವೇ ರಾತ್ರಿಗಳಿಗೊಮ್ಮೆ ಸೆರೆಹಿಡಿಯುತ್ತವೆ. ಕಣ್ಣಿನ ಅಂದಾಜು ಇನ್ನು ಯಾರಿಗೆ ಬೇಕು ಎಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ದೊಡ್ಡ ಯಂತ್ರಗಳಿಗೂ ಅಭಿಭವದ ಕಾಟ ಉಂಟು. ತೀರ ಬೆಳಗುವ ನಕ್ಷತ್ರ ಅವುಗಳ ಕಣ್ಣನ್ನೇ ಕುರುಡಾಗಿಸುತ್ತದೆ. 2019ರ ಕೊನೆಯಲ್ಲಿ ರುದ್ರನ ನಕ್ಷತ್ರವಾದ ಆರ್ದ್ರಾ ಕಂದತೊಡಗಿತು. ಮಹಾವ್ಯಾಧನ ಹೆಗಲ ಮೇಲಿನ ಆ ಕೆಂಪು ನಕ್ಷತ್ರ ಸಾಮಾನ್ಯವಾಗಿ 0.5ರ ಹತ್ತಿರ ಇರುವಂಥದು, 2020ರ ಫೆಬ್ರವರಿಗೆ 1.6ಕ್ಕೆ ಇಳಿದು ಇನ್ನೊಂದು ಹೆಗಲಿನ ಬೆಲಾಟ್ರಿಕ್ಸ್‌ನ ಮಟ್ಟಕ್ಕೆ ಬಂತು. ಆರ್ದ್ರಾ ಉಗುಳಿದ ಅನಿಲ ತಣಿದು ಧೂಳಾಗಿ ಅದರ ಮುಖಕ್ಕೇ ಅಡ್ಡ ನಿಂತದ್ದು ಕಾರಣವೆಂದು ಆಮೇಲೆ ತಿಳಿಯಿತು. ಸಾಂಖ್ಯರ ಪಟ್ಟಿಯಲ್ಲಿ ಈ ಅಡ್ಡದ ಹೆಸರು ವ್ಯವಧಾನ. ಆ ಚಳಿಗಾಲದಲ್ಲಿ ರೋಹಿಣಿಯನ್ನೂ ಬೆಲಾಟ್ರಿಕ್ಸನ್ನೂ ಅಳತೆಗೆ ಇಟ್ಟುಕೊಂಡು ಯಾವ ಊರಿನ ತಾರಸಿಯಿಂದಾದರೂ, ದೂರದರ್ಶಕವೇ ಇಲ್ಲದೆ, ಆ ಇಳಿತವನ್ನು ಅಳೆಯಬಹುದಿತ್ತು.

ಪೆಲ್ಟಿಯರ್‌ಗೆ ಕೈಕೊಟ್ಟ ಟಿ ನಕ್ಷತ್ರ 2024ರ ಸುಮಾರಿಗೆ ಮತ್ತೆ ಸಿಡಿಯಬಹುದೆಂಬ ಅಂದಾಜಿತ್ತು. ಆ ವರ್ಷ ಸಿಡಿಯಲಿಲ್ಲ. ಅದನ್ನು ಕಾಯುವುದಕ್ಕೆ ಉಪಕರಣವೇನೂ ಬೇಡ. ಉತ್ತರ ಕಿರೀಟದ ಅರೆವೃತ್ತವನ್ನು ಹುಡುಕಿ, ಅದರ ಅಂಚಿನ ಹೊರಗೆ ಖಾಲಿ ಜಾಗವನ್ನು ನೋಡಬೇಕು. ಪುಂಜದ ನಾಲ್ಕನೆಯ ದರ್ಜೆಯ ಚಿಕ್ಕ ನಕ್ಷತ್ರ ಪಕ್ಕದಲ್ಲೇ ಕಾಣುತ್ತಿದ್ದು, ಅಲ್ಲಿ ಮಾತ್ರ ಏನೂ ಕಾಣದಿದ್ದರೆ, ಟಿ ಇನ್ನೂ ಎದ್ದಿಲ್ಲ. ನೆಲ ಕಂಡಿತು, ಗಡಿಗೆ ಇಲ್ಲ. ಸಂಜೆಯ ಹೊತ್ತಿಗೆ ಈ ಪುಂಜ ಕರ್ನಾಟಕದವರ ನೆತ್ತಿಯ ಸಮೀಪ ಬರುವುದು ಜೂನ್, ಜುಲೈಯಲ್ಲಿ, ಮುಂಗಾರು ಹಿಡಿದ ಮೇಲೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಕಾಯುವವರು ಆ ಎರಡು ತಿಂಗಳು ಮೋಡ ಹರಿಯುವ ಅರ್ಧ ಗಂಟೆಗಾಗಿ ರಾತ್ರಿಯಲ್ಲಿ ನಾಲ್ಕು ಸಲ ಬಾಗಿಲು ತೆಗೆದು ನೋಡುತ್ತಾರೆ. ಹರಿಯದ ರಾತ್ರಿಗಳಲ್ಲಿ ಪುಸ್ತಕದ ಆ ಸಾಲು ಖಾಲಿ ಉಳಿಯುತ್ತದೆ, ಕಾಣಲಿಲ್ಲ ಎಂದು ಅವರು ಬರೆಯುವುದಿಲ್ಲ.